ಪಾಲಕ ಮಾತಾ-ಪಿತಾ: ಒಂದು ಷರತ್ತಿನ ತಪ್ಪು

ಗುಜರಾತಿನ ‘ಪಾಲಕ ಮಾತಾ-ಪಿತಾ’ ಯೋಜನೆಗೆ ಸಿಕ್ಕಿರುವ ಹೊಗಳಿಕೆಯಲ್ಲಿ ಅರ್ಧ ಮಾತ್ರ ನ್ಯಾಯವಾದದ್ದು. ಅನಾಥ ಮಗುವನ್ನು ಆಶ್ರಮಕ್ಕೆ ಕಳಿಸದೆ ಚಿಕ್ಕಪ್ಪನ, ಸೋದರಮಾವನ, ಅಜ್ಜಿಯ ಮನೆಯಲ್ಲೇ ಉಳಿಸಿ, ಹದಿನೆಂಟು ತುಂಬುವವರೆಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯೋಜನೆ ಇದು. ಸೂರತ್‌ನ ವರಾಛಾದಲ್ಲಿ ಅದರ ಬೆಲೆ ಸಣ್ಣದಲ್ಲ. ಸೌರಾಷ್ಟ್ರದಿಂದ ವಜ್ರದ ಕೆಲಸಕ್ಕೆ ಬಂದು ನೆಲೆಸಿದವರ ಬಡಾವಣೆ ಅದು. ಗಂಡಸು ‘ಘಂಟಿ’ ಎಂಬ ಸಾಣೆಯ ಮುಂದೆ ಕೂತು ಹರಳು ಉಜ್ಜುತ್ತಾನೆ, ಹೆಂಗಸು ಮನೆಯಲ್ಲೇ ಸೀರೆಗೆ ಹರಳು ಅಂಟಿಸುತ್ತಾಳೆ. ವಜ್ರದ ಪೇಟೆ ಕುಸಿದಾಗ, ತೀರಿಹೋದ ಅಣ್ಣನ ಮಗುವಿನ ಶಾಲೆ ಬಿಡಿಸದಿರಲು ಆ ದುಡ್ಡೇ ಆಸರೆ.

ನನ್ನ ತಕರಾರು ಅರ್ಹತೆಯ ಎರಡನೆಯ ಷರತ್ತಿನ ಮೇಲೆ. ತಂದೆ-ತಾಯಿ ಇಬ್ಬರೂ ತೀರಿಕೊಂಡಿರಬೇಕು, ಇಲ್ಲವೇ ತಂದೆ ತೀರಿಕೊಂಡು ತಾಯಿ ಮರುಮದುವೆಯಾಗಿರಬೇಕು. ಅರ್ಜಿಯ ಜೊತೆ ತಂದೆಯ ಮರಣಪತ್ರವನ್ನೂ ತಾಯಿಯ ಮರುಮದುವೆಯ ಪುರಾವೆಯನ್ನೂ ಇಡಬೇಕು. ಕಡತದೊಳಗೆ ಈ ಎರಡು ಕಾಗದ ಒಂದೇ ಕೆಲಸ ಮಾಡುತ್ತವೆ: ಮೊದಲನೆಯದು ತಂದೆ ಇಲ್ಲವೆನ್ನುತ್ತದೆ, ಎರಡನೆಯದು ತಾಯಿಯೂ ಇಲ್ಲವೆನ್ನುತ್ತದೆ. ಆದರೆ ಆಕೆ ಬದುಕಿದ್ದಾಳೆ. ಎಷ್ಟೋ ವೇಳೆ ಅದೇ ಊರಿನಲ್ಲಿ, ನಾಲ್ಕು ಬೀದಿ ಆಚೆ.

ಇದರ ಲೆಕ್ಕವನ್ನು ಹಾಕಿ ನೋಡಿ. ವಿಧವೆ ಮದುವೆಯಾಗದೆ ಮಗುವನ್ನು ತಾನೇ ಸಾಕಿದರೆ ಗಂಗಾ ಸ್ವರೂಪಾ ಯೋಜನೆಯಲ್ಲಿ ಸಿಗುವುದು ತಿಂಗಳಿಗೆ 1,250 ರೂಪಾಯಿ. ಮರುಮದುವೆಯಾಗಿ ಮಗುವನ್ನು ಜೊತೆಗೆ ಕರೆದೊಯ್ದರೆ ಅದೂ ನಿಂತಿತು, ಪಾಲಕ ಹಣವೂ ಇಲ್ಲ. ಮಗುವನ್ನು ಬಂಧುಗಳ ಮನೆಯಲ್ಲಿ ಬಿಟ್ಟುಹೋದರೆ ಮಾತ್ರ 3,000. ಮರುಮದುವೆಯಾದವಳು ಮಗುವನ್ನು ಕರೆದೊಯ್ಯಬಾರದು ಎಂಬ ಬಂಧುಗಳ ಹಳೆಯ ಹಟಕ್ಕೆ ಸರ್ಕಾರವೇ ತಿಂಗಳು ತಿಂಗಳು ಬಲ ಕೊಟ್ಟಂತಾಯಿತು. ಯೋಜನೆ ಮಾಡಿದವರ ಉದ್ದೇಶ ಇದಾಗಿರಲಿಕ್ಕಿಲ್ಲ, ಒಪ್ಪುತ್ತೇನೆ. ಪರಿಣಾಮ ಮಾತ್ರ ಇದೇ.

ತಾಯಿಯ ಜೊತೆಗಿರುವ ಮಗುವಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ 4,000 ರೂಪಾಯಿ ಪ್ರಾಯೋಜಕತ್ವ ಇದೆಯಲ್ಲ ಎನ್ನಬಹುದು. ಇದೆ. ಆದರೆ ಒಂದು ಯೋಜನೆ ಒಡೆದದ್ದನ್ನು ಇನ್ನೊಂದು ಕೂಡಿಸಲಿ ಎಂದು ಕಾಯುವುದೇಕೆ? 2021ರಲ್ಲಿ ಕೋವಿಡ್‌ಗೆ ಹೆತ್ತವರಲ್ಲಿ ಒಬ್ಬರನ್ನು ಕಳೆದುಕೊಂಡ ಮಗುವಿಗೂ ಇದೇ ಗುಜರಾತ್ ಸರ್ಕಾರ ತಿಂಗಳಿಗೆ 2,000 ರೂಪಾಯಿ ಕೊಡಲು ಮುಂದಾಯಿತು. ಉಳಿದವರ ಮಡಿಲಿನಲ್ಲಿರುವ ಮಗುವಿಗೆ ನೆರವಾಗಬಹುದೆಂದು ಆಗ ಗೊತ್ತಿತ್ತು. ಅಪಘಾತದಲ್ಲೋ ಕಾಯಿಲೆಯಲ್ಲೋ ತಂದೆ ಸತ್ತರೆ ಆ ತಿಳಿವಳಿಕೆ ಯಾಕೆ ಬೇಡ?

ಈ ಯೋಜನೆಯನ್ನು ಟೀಕಿಸುವವರ ಜೊತೆಗೂ ನನಗೆ ಜಗಳವಿದೆ. ಬಂಧುಗಳ ಕೈಗೆ ದುಡ್ಡು ಕೊಟ್ಟರೆ ದುರಾಸೆ ಹುಟ್ಟುತ್ತದೆ ಎನ್ನುವವರು ಒಂದು ಕಡೆ. ಅವರು ಒಂದು ಮಗುವಿಗೆ ತಿಂಗಳಿಗೆ ಏನು ಖರ್ಚೆಂದು ಯಾವ ಚಿಕ್ಕಮ್ಮನನ್ನೂ ಕೇಳಿದವರಲ್ಲ; ಹಾಲು, ಪುಸ್ತಕ, ಜ್ವರದ ಔಷಧಿಗೇ ಆ 3,000 ಮುಗಿಯುತ್ತದೆ. ದತ್ತು ಒಂದೇ ಶಾಶ್ವತ ಎನ್ನುವವರು ಇನ್ನೊಂದು ಕಡೆ. 2015ರ ಬಾಲನ್ಯಾಯ ಕಾಯ್ದೆ ಚಿಕ್ಕಪ್ಪ, ಸೋದರಮಾವ, ಅಜ್ಜ-ಅಜ್ಜಿಯರಿಗೂ ದತ್ತಿನ ದಾರಿ ತೆರೆದಿದೆ ನಿಜ. ಆದರೆ ತಾಯಿ ಬದುಕಿರುವಾಗ ದತ್ತು ಎಂದರೆ ಕಾನೂನಿನಲ್ಲಿ ಅವಳ ಎಳೆಯನ್ನು ಪೂರ್ತಿ ಕಡಿಯುವುದು. ಚಿಕ್ಕಪ್ಪನ ಮನೆಯಲ್ಲಿ ಬೆಳೆಯುತ್ತ ರಜೆಯಲ್ಲಿ ಅಮ್ಮನ ಮನೆಗೆ ಹೋಗಿಬರುವ ಮಗುವಿಗೆ ಅದು ಬೇಕಿಲ್ಲ. ಅದಕ್ಕೆ ಬೇಕಾದದ್ದು, ನಾಳೆ ಜಗಳವಾದರೂ ಯಾರೂ ಹೊರಹಾಕಲಾಗದಂಥ ಪೋಷಕತ್ವದ ಕಾಗದ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಪಾಲಕ ಯೋಜನೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಹದಿನೆಂಟು ತುಂಬಿದ ದಿನ ಹಣ ನಿಲ್ಲುತ್ತದೆ. ಆಮೇಲೆ ಆ ಹುಡುಗ ಯಾರ ಮನೆಯವನು ಎಂಬುದಕ್ಕೆ ಕಡತದಲ್ಲಿ ಉತ್ತರವಿಲ್ಲ.

ಮರುಮದುವೆಯ ಪುರಾವೆ ಕೇಳುವ ಆ ಸಾಲನ್ನು ತೆಗೆದುಹಾಕಿ. ತಂದೆಯಿಲ್ಲದ ಮಗುವನ್ನು ಸಾಕುತ್ತಿರುವವರು ಯಾರೇ ಇರಲಿ, ಹೊಸ ಗಂಡನ ಮನೆಯಲ್ಲಿರುವ ತಾಯಿಯೇ ಆಗಿರಲಿ, ಹಣ ಅವರಿಗೆ ಸಲ್ಲಲಿ. ಮಗು ಬಂಧುಗಳ ಬಳಿ ಇದ್ದರೆ, ತಾಯಿ ಎಂದು ಬಂದು ನೋಡಬಹುದು ಎಂಬುದೂ ಅದೇ ಆದೇಶದಲ್ಲಿ ಬರೆದಿರಲಿ.