ಕಡ್ಡಿ ಜೋಡಿಸಿದ ಮೇಲೆ

ಪುಣೆಯಲ್ಲಿ ನೆಲೆಸಿರುವ ನಮಗೆ ಅರವಿಂದ ಗುಪ್ತಾ ಅವರ ಹೆಸರು ಹೊಸದಲ್ಲ. ಇಲ್ಲಿಯ ಐಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅವರು ವರ್ಷಗಟ್ಟಲೆ ಕಸದಿಂದ ಆಟಿಕೆ ಮಾಡಿ ತೋರಿಸಿದರು. 2018ರಲ್ಲಿ ಪದ್ಮಶ್ರೀಯೂ ಬಂತು. ಅವರನ್ನು ಹೊಗಳುವಾಗ ‘ಖರ್ಚಿಲ್ಲದ ವಿಜ್ಞಾನ’ ಎಂಬ ಮಾತು ಮೊದಲು ಬರುತ್ತದೆ. ಅವರ ‘ಮ್ಯಾಚ್‌ಸ್ಟಿಕ್ ಮಾಡೆಲ್ಸ್’ ಪುಸ್ತಕವನ್ನು ಮತ್ತೆ ಓದಿದಾಗ, ಆ ಹೊಗಳಿಕೆ ಸಾಲದು, ಸ್ವಲ್ಪ ದಾರಿಯನ್ನೂ ತಪ್ಪಿಸುತ್ತದೆ ಅನ್ನಿಸಿತು.

ಪುಸ್ತಕದ ಗುಣ ಅದರ ಮಿತಭಾಷೆ. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನ ತುಂಡು, ರೇಖಾಚಿತ್ರ, ಒಂದೆರಡು ವಾಕ್ಯ. ಉಪದೇಶವಿಲ್ಲ. ಮೂರು ಕಡ್ಡಿಗಳ ತ್ರಿಭುಜವನ್ನು ಅದುಮಿದರೆ ಅದು ಅಲುಗುವುದಿಲ್ಲ. ನಾಲ್ಕು ಕಡ್ಡಿಗಳ ಚೌಕ ವಾಲಿ ವಜ್ರಾಕೃತಿಯಾಗುತ್ತದೆ. ಸೇತುವೆಯಲ್ಲೂ ಮಾಡಿನ ತೊಲೆಗಳಲ್ಲೂ ತ್ರಿಭುಜ ಏಕಿದೆ ಎಂಬುದು ಬೆರಳಿಗೇ ತಿಳಿಯುತ್ತದೆ.

ಆದರೆ ಚಿತ್ರ ನಮ್ಮನ್ನು ಮಾದರಿಯವರೆಗೆ ಮಾತ್ರ ಕರೆದೊಯ್ಯಬಲ್ಲದು. ಪ್ರೌಢಶಾಲೆಯ ಗಣಿತ ಶುರುವಾಗುವುದು ಅದರಾಚೆ. ಚೌಕ ವಾಲದಂತೆ ನಿಲ್ಲಿಸಲು ಎಷ್ಟುದ್ದದ ಕಡ್ಡಿಯನ್ನು ಅಡ್ಡ ಕೊಡಬೇಕು? ಅದೇ ಅಳತೆಯದನ್ನು ಕೊಟ್ಟರೆ ಚೌಕ ಹೋಗಿ ಎರಡು ಸಮಬಾಹು ತ್ರಿಭುಜಗಳು ಕೂಡಿದ ಆಕಾರವಾಗುತ್ತದೆ. ಟ್ಯೂಬೂ ಸೇರಿ ಒಂದು ಬಾಹು 4 ಸೆಂ.ಮೀ. ಇದ್ದರೆ ಕರ್ಣ ಸುಮಾರು 5.66. ತರಗತಿಯಲ್ಲಿ ಒಬ್ಬಳಿಗೆ 5.5 ಬರುತ್ತದೆ, ಇನ್ನೊಬ್ಬನಿಗೆ 5.8. ಯಾರದು ಸರಿ? ಚೌಕ ನಿಜಕ್ಕೂ ಚೌಕವಾಗಿತ್ತೇ ಎಂದು ತಿಳಿಯಲು ಇನ್ನೊಂದು ಕರ್ಣವನ್ನೂ ಅಳೆಯಬೇಕು. ಈ ಜಗಳ ನಡೆದರೆ 2ರ ವರ್ಗಮೂಲ ಬಾಯಿಪಾಠದ ಸಂಖ್ಯೆಯಾಗಿ ಉಳಿಯುವುದಿಲ್ಲ. ಜಗಳವಿಲ್ಲದಿದ್ದರೆ ಕಡ್ಡಿ ಜೋಡಿಸಿದ್ದು ಬರೀ ಕರಕುಶಲ ಕಲೆ.

ನಮ್ಮ ಶಾಲೆಗಳಲ್ಲಿ ಕೊರತೆ ಇರುವುದು ಈ ಜಗಳಕ್ಕೆ. ಹತ್ತನೇ ತರಗತಿಯ ಓಮ್ ನಿಯಮದ ಪ್ರಯೋಗವನ್ನೇ ನೋಡಿ. ನಕ್ಷೆಯಲ್ಲಿ ಸರಳರೇಖೆ ಬರಬೇಕೆಂದು ಹುಡುಗರಿಗೆ ಮೊದಲೇ ಗೊತ್ತು. ಐದರಲ್ಲಿ ಒಂದು ಬಿಂದು ಆಚೆ ಬಿದ್ದರೆ ರಬ್ಬರು ಕೈಗೆ ಬರುತ್ತದೆ. ತಂತಿ ಬಿಸಿಯಾಗಿ ರೋಧ ಹೆಚ್ಚಿತೇ, ಸ್ಕ್ರೂ ಸಡಿಲವಾಗಿತ್ತೇ ಎಂದು ಕೇಳುವವರಿಲ್ಲ. ಉಪಕರಣ ಎಷ್ಟೇ ದುಬಾರಿಯಾಗಿರಲಿ, ಇಲ್ಲಿ ಮಕ್ಕಳು ಕಲಿಯುವುದು ಅಳಿಸುವುದನ್ನು.

ಗುಪ್ತಾ ಅವರ ಕಡ್ಡಿಗಳು ಹುಟ್ಟಿದ ಜಾಗವನ್ನು ನೆನೆಯಬೇಕಾದದ್ದು ಇದಕ್ಕೇ. ಪುಣೆಯ ಟೆಲ್ಕೋದಲ್ಲಿ ಎಂಜಿನಿಯರ್ ಆಗಿದ್ದ ಅವರು 1978ರಲ್ಲಿ ರಜೆ ಹಾಕಿ ಹೋದದ್ದು ಮಧ್ಯಪ್ರದೇಶದ ಹೋಶಂಗಾಬಾದಿಗೆ. ಅಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಾರ್ಯಕ್ರಮ ಇಡೀ ಜಿಲ್ಲೆಗೆ ಹಬ್ಬುತ್ತಿತ್ತು. ‘ಬಾಲ ವೈಜ್ಞಾನಿಕ’ ಪಠ್ಯದಲ್ಲಿ ಪ್ರಶ್ನೆಗಳಿದ್ದವು. ಉತ್ತರಗಳನ್ನು ಮಕ್ಕಳು ಪ್ರಯೋಗ ಮಾಡಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಪರೀಕ್ಷೆಗೆ ಪುಸ್ತಕ ಒಯ್ಯಬಹುದಿತ್ತು. ಪ್ರಾಯೋಗಿಕ ಪರೀಕ್ಷೆ ಬೇರೆಯೇ ಇತ್ತು. ಅಂದರೆ ಸಾಮಾನಿನ ಜೊತೆಗೆ ಪರೀಕ್ಷೆಯೂ ಬದಲಾಗಿತ್ತು. ಸರ್ಕಾರ 2002ರಲ್ಲಿ ಅದನ್ನು ನಿಲ್ಲಿಸಿತು. ವಾಲ್ವ್ ಟ್ಯೂಬಿನ ಬೆಲೆ ಏರಿತೆಂದು ಅಲ್ಲ.

ಕಡ್ಡಿ ಉಳಿಯಿತು, ಪರೀಕ್ಷೆ ಹಳೆಯದಕ್ಕೇ ಮರಳಿತು. ಇವತ್ತು ನಮ್ಮ ಊರುಗಳಲ್ಲಿ ‘ಮಾಡಿ ಕಲಿ’ ಎಂದು ಮಾರುವ ಪೆಟ್ಟಿಗೆಗಳು ಆ ಅರ್ಧವನ್ನಷ್ಟೇ ಮಾರುತ್ತಿವೆ. ಗುಪ್ತಾ ಅವರ ಪುಸ್ತಕವಾದರೋ ಅವರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮನೆಯಲ್ಲಿ ಮಕ್ಕಳ ಜೊತೆ ಕೂತು ಮಾಡಲು ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಹಣ ಕೊಟ್ಟು ಪೆಟ್ಟಿಗೆ ತರುವ ಮುನ್ನ ಮಕ್ಕಳ ಶಾಲೆಯಲ್ಲಿ ಒಂದು ಮಾತು ಕೇಳಿ ನೋಡಿ: ರೇಖೆಯಿಂದ ಆಚೆ ಬಿದ್ದ ಬಿಂದುವನ್ನು ಅಳಿಸದೆ, ಕಾರಣ ಬರೆದರೆ ಅಂಕ ಕೊಡುತ್ತೀರಾ?