ಏಟು ಯಾರದು, ಪಟ್ಟ ಯಾರದು?

ಬಾಕ್ಸಿಂಗ್ ಸಿನಿಮಾಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಎದ್ದಾಗಲೆಲ್ಲ ಗೆಳೆಯರು ಎರಡು ಗುಂಪಾಗುತ್ತಾರೆ. ಒಂದು ಗುಂಪು 1947ರ ‘ಬಾಡಿ ಅಂಡ್ ಸೋಲ್’, 1949ರ ‘ದಿ ಸೆಟ್-ಅಪ್’, 1980ರ ‘ರೇಜಿಂಗ್ ಬುಲ್’ ಎನ್ನುತ್ತದೆ. ಇನ್ನೊಂದು 2015ರ ‘ಕ್ರೀಡ್’, 2021ರ ‘ಸಾರ್ಪಟ್ಟ ಪರಂಬರೈ’ ಎನ್ನುತ್ತದೆ. ಕ್ಯಾಮೆರಾ, ಸಂಕಲನ, ನಟನೆಗಳ ಲೆಕ್ಕ ಹಾಕಿ, ಟೀ ಕುಡಿದು ಏಳುತ್ತಾರೆ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಇಲ್ಲಿ ಏಟು ತಿನ್ನುವ ಮೈ ಯಾರದು? ಆ ಏಟಿನಿಂದ ದೊಡ್ಡವನಾಗುವವನು ಯಾರು?

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಹಾಸ್ಟೆಲಿನಲ್ಲಿದ್ದಾಗ ನಾವು ಹುಡುಗರು ಚಂದಾ ಎತ್ತಿ, ಬಾಡಿಗೆ ವಿಸಿಆರ್ ತಂದು ‘ರಾಕಿ’ ನೋಡಿದೆವು. ಅಲ್ಲಿದ್ದವರೆಲ್ಲ ಹೊಲೆಯ ಮಾದಿಗರ ಮಕ್ಕಳೇ. ಬಿಳಿಯ ರಾಕಿ ಕರಿಯ ಅಪೊಲೊ ಕ್ರೀಡನ ಪಕ್ಕೆಗೆ ಗುದ್ದಿದಾಗ ಬೆಂಚು ಮುರಿಯುವ ಹಾಗೆ ಕುಣಿದೆವು. ‘ಹಾಕ್ಲಾ ಇನ್ನೊಂದು’ ಅಂತ ಕೂಗಿದವರಲ್ಲಿ ನಾನೂ ಒಬ್ಬ. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಕಪ್ಪು ಜನರ ಚಳವಳಿಯಿಂದ ಪಡೆದದ್ದು ನಮಗೆ ಗೊತ್ತಿತ್ತು. ಅದನ್ನು ಭಾಷಣದಲ್ಲಿ ಹೇಳುತ್ತಿದ್ದ ನಾವೇ ಕತ್ತಲಲ್ಲಿ ಕೂತಾಗ ಕರಿಯನ ವಿರುದ್ಧ ಕೂಗಿದೆವು. ಬಡವನ ವೇಷದಲ್ಲಿ ಬಂದ ಬಿಳಿತನ ನಮ್ಮ ಕಣ್ಣಿಗೆ ಬೀಳಲೇ ಇಲ್ಲ.

ರಾಕಿ ಬಡವ, ನಿಜ. ಆದರೆ ಆ ಬಡತನವನ್ನು ಎಲ್ಲಿಂದ ತಂದರು? ಅವನ ಊರು ಫಿಲಡೆಲ್ಫಿಯಾ. ಅಲ್ಲೇ ಜೋ ಫ್ರೇಜಿಯರ್ ಎಂಬ ನಿಜವಾದ ಚಾಂಪಿಯನ್ ಇದ್ದ. ದಕ್ಷಿಣ ಕೆರೊಲಿನಾದ ಹೊಲಗೆಲಸದವರ ಮನೆಯಲ್ಲಿ ಹುಟ್ಟಿದ ಕರಿಯ, ಕಸಾಯಿಖಾನೆಯಲ್ಲಿ ದುಡಿದವನು. ಅಲ್ಲಿ ತೂಗುಹಾಕಿದ ದನದ ಮಾಂಸಕ್ಕೆ ಗುದ್ದಿ ಕೈ ಪಳಗಿಸಿಕೊಂಡದ್ದಾಗಿ ಹೇಳಿಕೊಂಡಿದ್ದಾನೆ. 1971ರಲ್ಲಿ ಮಹಮ್ಮದ್ ಅಲಿಯನ್ನೇ ಸೋಲಿಸಿದವನು. 1976ರ ಸಿನಿಮಾದಲ್ಲಿ ಅದೇ ಊರು, ಅದೇ ಮಾಂಸ. ಗುದ್ದುವ ಕೈ ಮಾತ್ರ ಬಿಳಿಯದು. ಫ್ರೇಜಿಯರನಿಗೆ ಅದರಲ್ಲಿ ಸಿಕ್ಕಿದ್ದು ರಿಂಗಿಗೆ ಬಂದು ಹೋಗುವ ಒಂದು ಗಳಿಗೆಯ ಪಾತ್ರ. ಎಂದೂ ಬದುಕಿರದ ರಾಕಿಯ ಕಂಚಿನ ಪ್ರತಿಮೆ 1982ರ ಮೂರನೇ ಚಿತ್ರಕ್ಕಾಗಿ ತಯಾರಾಗಿ ಆ ಊರಿಗೇ ಉಳಿಯಿತು. ಬದುಕಿ ಬಾಳಿದ ಫ್ರೇಜಿಯರ್ 2011ರಲ್ಲಿ ಸತ್ತ. ಅವನ ಪ್ರತಿಮೆ ಅಲ್ಲಿ ಎದ್ದದ್ದು 2015ರಲ್ಲಿ. ಉತ್ತವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು. ಈ ಕಥೆ ನಮಗೆ ಹೊಸದಲ್ಲ.

ಹಾಗಾದರೆ ಹಳೆಯವು ಮೇಲೋ? ‘ದಿ ಸೆಟ್-ಅಪ್’ ನೋಡಿ. ಜೋಸೆಫ್ ಮಾಂಕ್ಯೂರ್ ಮಾರ್ಚ್ 1928ರಲ್ಲಿ ಬರೆದ ಕಥನಕವನ ಅದರ ಮೂಲ. ಕವನದ ನಾಯಕ ಪ್ಯಾನ್ಸಿ ಜೋನ್ಸ್ ಕರಿಯ. ಸಿನಿಮಾದಲ್ಲಿ ಅವನು ಸ್ಟೋಕರ್ ಥಾಮ್ಸನ್ ಎಂಬ ಬಿಳಿಯ ಆಗಿಬಿಟ್ಟ. ಸಿನಿಮಾ ಬಿಗಿಯಾಗಿದೆ, ರಾಬರ್ಟ್ ರಯಾನನ ಮುಖ ಮರೆಯುವಂಥದಲ್ಲ. ಆದರೂ ಆ ಮುಖದ ಹಿಂದೆ ಅಳಿಸಿಹಾಕಿದ ಇನ್ನೊಂದು ಮುಖವಿದೆ. ‘ಶುದ್ಧ ಕಲೆ’ಯ ಮಾತಾಡುವವರು ಈ ಅಳಿಸುವಿಕೆಯೂ ಕಲೆಯ ಭಾಗವೇ ಎಂಬುದನ್ನು ಗಮನಿಸಬೇಕು.

‘ಬಾಡಿ ಅಂಡ್ ಸೋಲ್’ ಇನ್ನೂ ಪ್ರಾಮಾಣಿಕವಾದದ್ದು. ಬೆನ್ ಎಂಬ ಕರಿಯ ಚಾಂಪಿಯನ್ನನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ. ದಲ್ಲಾಳಿಗಳು ಅದನ್ನು ಮುಚ್ಚಿಟ್ಟು, ಅವನನ್ನು ಚಾರ್ಲಿಯ ಎದುರು ನಿಲ್ಲಿಸುತ್ತಾರೆ. ಪಟ್ಟ ಚಾರ್ಲಿಗೆ, ಬೆನ್ ಅವನ ತರಬೇತುದಾರನಾಗಿ ಉಳಿಯುತ್ತಾನೆ, ಕೊನೆಗೆ ಸಾಯುತ್ತಾನೆ. ಆ ಪಾತ್ರ ಮಾಡಿದ ಕೆನಡಾ ಲೀ ಸ್ವತಃ ಬಾಕ್ಸರ್ ಆಗಿದ್ದವನು, ಆಟದ ಪೆಟ್ಟಿನಿಂದ ಒಂದು ಕಣ್ಣು ಕಳೆದುಕೊಂಡವನು. ಕಮ್ಯುನಿಸ್ಟರ ಬೇಟೆಯ ಕಾಲದಲ್ಲಿ ಅವನಿಗೂ ನಾಯಕನಟ ಜಾನ್ ಗಾರ್ಫೀಲ್ಡನಿಗೂ ಕೆಲಸವಿಲ್ಲದಂತಾಯಿತು. ಇಬ್ಬರೂ 1952ರ ಮೇ ತಿಂಗಳಲ್ಲೇ ತೀರಿಕೊಂಡರು. ಇಷ್ಟು ಗೌರವದಿಂದ ಹೇಳಿಯೂ ನನ್ನ ತಕರಾರು ಉಳಿಯುತ್ತದೆ. ಸಾಯುವವನು ಬೆನ್, ಎಚ್ಚರವಾಗುವುದು ಚಾರ್ಲಿಯ ಆತ್ಮಸಾಕ್ಷಿ. ನಮ್ಮಲ್ಲೂ ಮೇಲ್ಜಾತಿ ನಾಯಕನ ಕಣ್ಣು ತೆರೆಸಲೆಂದೇ ಕೇರಿಯವನೊಬ್ಬ ಸಾಯುವ ಕಥೆಗಳು ಎಷ್ಟಿಲ್ಲ?

ಈ ಬೆನ್ ಆಮೇಲೂ ಸಾಯುತ್ತಲೇ ಬಂದಿದ್ದಾನೆ. 1985ರ ನಾಲ್ಕನೇ ‘ರಾಕಿ’ಯಲ್ಲಿ ಅಪೊಲೊ ಸಾಯುವುದು ರಾಕಿ ಸೇಡು ತೀರಿಸಿಕೊಳ್ಳಲಿಕ್ಕೆ. 2004ರ ‘ಮಿಲಿಯನ್ ಡಾಲರ್ ಬೇಬಿ’ಯಲ್ಲಿ ಒಂದು ಕಣ್ಣು ಹೋದ ಕರಿಯ ಮುದುಕ ಜಿಮ್ಮಿನ ನೆಲ ಒರೆಸುತ್ತ ಬಿಳಿಯರ ಕಥೆ ಹೇಳುತ್ತಾನೆ. 2018ರ ‘ಮುಕ್ಕಾಬಾಜ್’ನಲ್ಲಿ ಕೋಚ್ ದಲಿತ. ಜಾತಿ ಕೇಳಿ ಅವನಿಗೆ ಬೇರೆ ನೀರು ಕೊಡುವ ದೃಶ್ಯ ಎದೆಗೆ ನಾಟುತ್ತದೆ. ಆದರೆ ರಿಂಗಿನೊಳಗಿನ ನಾಯಕ ಸಿಂಗ್. ಹಳೆಯದು ಹೊಸದು ಎಂಬ ಗೆರೆ ಇಲ್ಲಿ ಏನು ಕೆಲಸ ಮಾಡೀತು?

‘ರೇಜಿಂಗ್ ಬುಲ್’ ಮೆಚ್ಚುವ ಗೆಳೆಯನಿಗೆ ಒಂದು ಮಾತು. ಕುಶಲತೆಯಲ್ಲಿ ಅದನ್ನು ಮೀರಿಸಿದ್ದು ನಾನು ನೋಡಿಲ್ಲ. ಲಮೊಟ್ಟ ಹಗ್ಗ ಹಿಡಿದು ನಿಂತು ಶುಗರ್ ರೇ ರಾಬಿನ್ಸನ್ನನ ಏಟು ತಿನ್ನುವಾಗ ಅದು ತನ್ನ ಪಾಪಕ್ಕೆ ತಾನೇ ಬೇಡಿ ಪಡೆದ ಶಿಕ್ಷೆ. ಆದರೆ ಆ ಮಹಾ ಆಟಗಾರ ರಾಬಿನ್ಸನ್ ಅಲ್ಲಿ ಮನುಷ್ಯನಲ್ಲ, ಬರೀ ಚಾಟಿ. ಅವನಿಗೆ ಮಾತೇ ಇಲ್ಲ ಎನ್ನುವಷ್ಟು ಕಡಿಮೆ. ಏಟು ತಿನ್ನುವುದು ಆತ್ಮಶುದ್ಧಿ ಅನ್ನಿಸುವುದು, ಹುಟ್ಟಿದಂದಿನಿಂದ ಏಟು ತಿನ್ನದವನಿಗೆ ಮಾತ್ರ.

ಪ. ರಂಜಿತ್‌ರ ‘ಸಾರ್ಪಟ್ಟ’ ಈ ಲೆಕ್ಕವನ್ನು ತಿರುಗಿಸುತ್ತದೆ. ಎಪ್ಪತ್ತರ ದಶಕದ ಉತ್ತರ ಮದ್ರಾಸು. ಬ್ರಿಟಿಷರಿಂದ ಕಲಿತ ಆಟವನ್ನು ಬಂದರಿನ ಕೂಲಿಗಳು ತಮ್ಮದಾಗಿಸಿಕೊಂಡಿದ್ದಾರೆ. ಗೆಲ್ಲುವ ಹೊತ್ತಿಗೆ ಕಬಿಲನನ್ನು ರಿಂಗಿನಲ್ಲೇ ಬೆತ್ತಲೆ ಮಾಡುತ್ತಾರೆ. ನಮ್ಮ ಜನಕ್ಕೆ ಸೋಲು ಬೇರೆ, ಮಾನ ಕಳೆಯುವುದು ಬೇರೆ ಎಂಬುದನ್ನು ಇಷ್ಟು ನೇರವಾಗಿ ಬೇರೆ ಯಾವ ಬಾಕ್ಸಿಂಗ್ ಸಿನಿಮಾ ಹೇಳಿದೆ? ನಮ್ಮ ವಿಮರ್ಶೆಯಲ್ಲಿ ‘ಪರಂಪರೆ’ ಅಂದರೆ ಮಠ, ಗುರು, ಗ್ರಂಥ. ಇಲ್ಲಿ ಪರಂಪರೆ ಅಂದರೆ ಮೂಟೆ ಹೊತ್ತ ಭುಜದಿಂದ ಭುಜಕ್ಕೆ ಬಂದ ವಿದ್ಯೆ. ಕುಂದುಗಳೂ ಇವೆ. ಉತ್ತರಾರ್ಧ ಜಾಳಾಗಿದೆ, ಬಿದ್ದವನು ಕಸರತ್ತು ಮಾಡಿ ಎದ್ದು ಗೆಲ್ಲುವ ಏಣಿ ‘ರಾಕಿ’ಯಿಂದಲೇ ಬಂದದ್ದು. ನಮ್ಮವರ ಸಿನಿಮಾ ಅಂತ ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ನನ್ನ ಆಯ್ಕೆ ಇದೇ. ಇಲ್ಲಿ ಬೆನ್ ಯಾರಿಗಾಗಿಯೋ ಸಾಯುವುದಿಲ್ಲ; ತನಗಾಗಿ ಬೀಳುತ್ತಾನೆ, ತನಗಾಗಿ ಏಳುತ್ತಾನೆ.

ಇನ್ನು ‘ಕ್ರೀಡ್’. ಅದರಲ್ಲೊಂದು ದೃಶ್ಯವಿದೆ. ಅಪೊಲೊನ ಮಗ ಅಪ್ಪನ ಹಳೆಯ ಪಂದ್ಯವನ್ನು ಗೋಡೆಯ ಮೇಲೆ ಬಿಟ್ಟುಕೊಂಡು ಎದುರಿಗೆ ನಿಂತು ಗುದ್ದುತ್ತಾನೆ. ಅವನು ನಿಂತದ್ದು ರಾಕಿಯ ಜಾಗದಲ್ಲಿ, ಗುದ್ದುವುದು ಅಪ್ಪನ ನೆರಳಿಗೆ. ಆ ಹುಡುಗನನ್ನು ನೋಡಿದಾಗ ನನಗೆ ನಮ್ಮ ಹಾಸ್ಟೆಲಿನ ಬೆಂಚು ನೆನಪಾಯಿತು. ನಾವೂ ಅವತ್ತು ಕೂಗಿ ಹೊಡೆಸಿದ್ದು ಅಪ್ಪನಿಗೇ.