ಆನ್‌ಲೈನ್ ಗೋಷ್ಠಿಯಲ್ಲಿ ಯಾರು ಎಲ್ಲಿ ಕೂರಬೇಕು?

ಮುಂಬಯಿ ಕನ್ನಡಿಗರ ಸಭೆಗಳಲ್ಲಿ ಕೂರುವ ಜಾಗ ಎಂದೂ ಸಣ್ಣ ಸಂಗತಿಯಾಗಿರಲಿಲ್ಲ. ವೇದಿಕೆಯ ಮೇಲೆ ಎಷ್ಟು ಕುರ್ಚಿ, ಅಧ್ಯಕ್ಷರ ಬಲಕ್ಕೆ ಯಾರು, ಮೊದಲ ಸಾಲಿನಲ್ಲಿ ಯಾರಿಗೆ ಜಾಗ ಸಿಗಲಿಲ್ಲ ಎಂಬುದನ್ನು ಕಾರ್ಯಕ್ರಮ ಮುಗಿದು ಸ್ಟೇಷನ್ನಿನತ್ತ ನಡೆಯುವಾಗ ನಾವು ಕವಿತೆಗಿಂತ ಹೆಚ್ಚು ಮಾತಾಡಿದ್ದೇವೆ. ಅದೇ ಸಭೆ ಕಂಪ್ಯೂಟರಿನ ತೆರೆಗೆ ಬಂದ ಮೇಲೆ ಮಾತ್ರ ಈ ಚರ್ಚೆ ನಿಂತುಹೋಗಿದೆ. ಆನ್‌ಲೈನ್ ಕವಿಗೋಷ್ಠಿಯ ವರದಿಗಳಲ್ಲಿ ಓದಿದವರ ಹೆಸರಿರುತ್ತದೆ, ವಂದನಾರ್ಪಣೆ ಮಾಡಿದವರ ಹೆಸರೂ ಇರುತ್ತದೆ. ತೆರೆಯ ಮೇಲೆ ಯಾರು ದೊಡ್ಡದಾಗಿ ಕಂಡರು, ಯಾರು ಎರಡನೇ ಪುಟಕ್ಕೆ ಸರಿದರು, ಯಾರು ಕಾಣಲೇ ಇಲ್ಲ ಎಂಬುದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದು ಯಂತ್ರದ ಕೆಲಸ, ನಮ್ಮದಲ್ಲ ಎಂದು ಬಿಟ್ಟುಬಿಟ್ಟಿದ್ದೇವೆ. ಆದರೆ ಅದು ಯಾರೋ ಒಬ್ಬರು ಬೆರಳ ತುದಿಯಲ್ಲಿ ಮಾಡುವ ಆಯ್ಕೆ. ಆಯ್ಕೆ ಇದ್ದ ಕಡೆ ವಿಮರ್ಶೆಗೂ ಕೆಲಸವಿದೆ.

ಇದು ಹಳೆಯ ಲಾಕ್‌ಡೌನ್ ಕಾಲದ ವಿಷಯ ಎಂದು ಯಾರಾದರೂ ತಳ್ಳಿಹಾಕಬಹುದು. 2020ರ ಮಾರ್ಚ್ 23ರಿಂದ ಲೋಕಲ್ ರೈಲು ನಿಂತಾಗ ಈ ಪದ್ಧತಿ ಶುರುವಾದದ್ದು ನಿಜ. ಸಾಮಾನ್ಯ ಪ್ರಯಾಣಿಕರಿಗೆ ಮತ್ತೆ ಲೋಕಲ್ ಹತ್ತಲು ಬಿಟ್ಟದ್ದು 2021ರ ಫೆಬ್ರವರಿ 1ರಂದು, ಅದೂ ಹೊತ್ತುಗೊತ್ತಿನ ಕಟ್ಟುಪಾಡಿನೊಂದಿಗೆ. ಆದರೆ ರೈಲು ಓಡಿದ ಮೇಲೂ ಆನ್‌ಲೈನ್ ಗೋಷ್ಠಿ ನಿಲ್ಲಲಿಲ್ಲ. ಕಾರಣ ಕಾಂದಿವಲಿಯಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಮಾತುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ, ಕಲೀನಾದ ವಿದ್ಯಾನಗರಿಯಲ್ಲಿರುವ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಎಲ್ಲವೂ ಇಲ್ಲಿಂದ ದಕ್ಷಿಣಕ್ಕೆ. ಸಂಜೆ ಐದರ ಕಾರ್ಯಕ್ರಮಕ್ಕೆ ಮೂರೂವರೆಗೆ ಮನೆ ಬಿಡಬೇಕು. ರಾತ್ರಿ ಬೊರಿವಲಿ ಲೋಕಲ್‌ನಲ್ಲಿ ನಿಂತು ಬಂದು, ಶೇರ್ ರಿಕ್ಷಾದ ಸಾಲಿನಲ್ಲಿ ಮತ್ತೆ ನಿಲ್ಲಬೇಕು. ಮಂಡಿನೋವಿನ ಹಿರಿಯರಿಗೆ, ಮನೆಯ ರಾತ್ರಿಯಡುಗೆಯ ಹೊಣೆ ಹೊತ್ತ ಹೆಂಗಸರಿಗೆ ಇದು ಆಗುವ ಮಾತಲ್ಲ. ಆನ್‌ಲೈನ್ ಗೋಷ್ಠಿ ಅವರನ್ನು ಸಭೆಗೆ ಕರೆತಂದಿತು. ಹಾಗೆ ಕರೆತಂದವರನ್ನು ಎಲ್ಲಿ ಕೂರಿಸಿತು ಎಂಬುದೇ ಪ್ರಶ್ನೆ.

ಮೊದಲು ಇದರ ನಡೆ ಹೇಗೆಂದು ನೋಡೋಣ. ಝೂಮ್‌ನಲ್ಲಿ ಮುಖ್ಯವಾಗಿ ಎರಡು ನೋಟಗಳಿವೆ. ಸ್ಪೀಕರ್ ವ್ಯೂನಲ್ಲಿ ದನಿ ಎಲ್ಲಿಂದ ಬರುತ್ತದೋ ಆ ಚೌಕ ದೊಡ್ಡದಾಗುತ್ತದೆ. ಗ್ಯಾಲರಿ ವ್ಯೂನಲ್ಲಿ ಎಲ್ಲರಿಗೂ ಸಮಾನ ಅಳತೆಯ ಚೌಕ; ಕಂಪ್ಯೂಟರಿನಲ್ಲಿ ಒಂದು ಪುಟಕ್ಕೆ 25, ಯಂತ್ರಕ್ಕೆ ಶಕ್ತಿಯಿದ್ದರೆ 49. ಆ ದಿನಗಳ ಫೋನಿನಲ್ಲಾದರೆ ಒಮ್ಮೆಗೆ ನಾಲ್ಕೇ ಮುಖ. ಗೂಗಲ್ ಮೀಟ್ ಕೂಡ 2020ರಲ್ಲೇ ಮೊದಲು 16, ಆಮೇಲೆ 49 ಚೌಕಗಳಿಗೆ ಹಿಗ್ಗಿತು. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ: ಹೋಸ್ಟ್ ಕ್ರಮ ನಿಗದಿ ಮಾಡದಿದ್ದರೆ ಗ್ಯಾಲರಿಯ ಚೌಕಗಳ ಕ್ರಮ ಒಬ್ಬೊಬ್ಬರ ತೆರೆಯಲ್ಲಿ ಒಂದೊಂದು ಬಗೆ. 'ಮೇಲಿನ ಎಡಮೂಲೆಯಲ್ಲಿರುವವರು ಈಗ ಓದಬೇಕು' ಎಂದು ನಿರೂಪಕರು ಹೇಳಿದರೆ ಪ್ರತಿಯೊಬ್ಬರ ಎಡಮೂಲೆಯಲ್ಲೂ ಬೇರೆ ಬೇರೆ ವ್ಯಕ್ತಿ ಇರುತ್ತಾರೆ. ನಾವು ಒಂದೇ ಸಭೆಯಲ್ಲಿ ಕೂತಿದ್ದೇವೆ ಎಂದುಕೊಳ್ಳುತ್ತೇವೆ. ನಿಜಕ್ಕೂ ಐವತ್ತು ಜನ ಐವತ್ತು ಸಭೆಗಳಲ್ಲಿ ಕೂತಿರುತ್ತೇವೆ.

ಈ ಎರಡು ನೋಟಗಳಲ್ಲಿ ಕವಿಗೋಷ್ಠಿಗೆ ಯಾವುದು ಒಗ್ಗುತ್ತದೆ? ಸ್ಪೀಕರ್ ವ್ಯೂ ಎಂಬ ಉತ್ತರ ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಅದು ಮಾತನ್ನು ಗುರುತಿಸುವುದಿಲ್ಲ, ಸದ್ದನ್ನು ಗುರುತಿಸುತ್ತದೆ. ಕವಿ ಸಾಲಿನ ನಡುವೆ ಉಸಿರು ಹಿಡಿದು ನಿಂತ ಕ್ಷಣಕ್ಕೇ, ಮ್ಯೂಟ್ ಮಾಡಲು ಮರೆತವರ ಮನೆಯ ಕುಕ್ಕರ್ ಕೂಗಿದರೆ ತೆರೆ ಅಲ್ಲಿಗೆ ಹಾರುತ್ತದೆ. 'ವಾಹ್' ಎಂದು ಮನಸಾರೆ ಮೆಚ್ಚಿದ ಹಿರಿಯರು ಕವಿಯನ್ನು ತೆರೆಯಿಂದ ಕೆಳಗಿಳಿಸಿ ತಾವೇ ತುಂಬಿಕೊಳ್ಳುತ್ತಾರೆ. ಕವಿತೆಯಲ್ಲಿ ಮೌನಕ್ಕೂ ಬೆಲೆಯಿದೆ. ಈ ನೋಟದಲ್ಲಿ ಮೌನ ಎಂದರೆ ಜಾಗ ಬಿಟ್ಟುಕೊಡುವುದು.

ಇದನ್ನು ತಪ್ಪಿಸಲು ಆಯೋಜಕರು ಕಂಡುಕೊಂಡ ದಾರಿ ಎಲ್ಲರನ್ನೂ ಮ್ಯೂಟ್ ಮಾಡಿ ಓದುವವರಿಗೆ ಸ್ಪಾಟ್‌ಲೈಟ್ ಹಾಕುವುದು. ಪಿನ್ ಮತ್ತು ಸ್ಪಾಟ್‌ಲೈಟ್ ನಡುವಿನ ವ್ಯತ್ಯಾಸ ಇಲ್ಲಿ ಮುಖ್ಯ. ಪಿನ್ ನನ್ನ ತೆರೆಗೆ ಮಾತ್ರ. ಸ್ಪಾಟ್‌ಲೈಟ್ ಹೋಸ್ಟ್ ಎಲ್ಲರ ಪರವಾಗಿ ಮಾಡುವ ತೀರ್ಮಾನ. ಕಿವಿ ಮಂದವಾಗಿ ತುಟಿಯ ಚಲನೆ ನೋಡಿ ಅರ್ಥಮಾಡಿಕೊಳ್ಳುವ ಹಿರಿಯರಿಗೆ ಸ್ಪಾಟ್‌ಲೈಟ್ ದೊಡ್ಡ ಉಪಕಾರ, ಅದನ್ನು ಅಲ್ಲಗಳೆಯಲಾರೆ. ಆದರೆ ಬೆಲೆ ತೆತ್ತದ್ದು ಕವಿ. ಸಭಾಂಗಣದಲ್ಲಿ ಓದುವ ಕವಿ ಮೂರನೇ ಸಾಲಿನ ಒಂದು ತಲೆದೂಗು ಕಂಡು ಅದೇ ಸಾಲನ್ನು ಇನ್ನೊಮ್ಮೆ ಓದುತ್ತಾನೆ, ಯಾರೋ ಆಕಳಿಸಿದ್ದು ಕಂಡು ಎರಡು ಚರಣ ಬಿಡುತ್ತಾನೆ. ಆನ್‌ಲೈನ್ ಗೋಷ್ಠಿಗಳಲ್ಲಿ ಸಾಲನ್ನು ಮತ್ತೆ ಓದಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ. ಫೋನಿನಲ್ಲೇ ಕವಿತೆ, ಫೋನಿನಲ್ಲೇ ಸಭೆ. ಕವಿತೆ ತೆರೆದರೆ ಸಭೆ ಮರೆಯಾಗುತ್ತದೆ. ಕೊನೆಯ ಸಾಲು ಮುಗಿದ ಮೇಲೆ ಒಂದು ಗಳಿಗೆ ಪೂರ್ತಿ ನಿಶ್ಶಬ್ದ. ಆಮೇಲೆ ನಿರೂಪಕರ 'ತುಂಬ ಚೆನ್ನಾಗಿತ್ತು, ಮುಂದಿನವರು...' ಕವಿತೆ ಕೆಟ್ಟದ್ದಾದರೂ ಅದೇ ಮಾತು, ಒಳ್ಳೆಯದಾದರೂ ಅದೇ ಮಾತು. ಕೇಳುಗರನ್ನು ಕಾಣದ ಕವಿಗೆ ತನ್ನ ಕವಿತೆಯ ಬಗ್ಗೆ ಏನೂ ತಿಳಿಯದೆ ಹೋಗುವ ವ್ಯವಸ್ಥೆ ಇದು.

2020ರ ಸೆಪ್ಟೆಂಬರಿನಲ್ಲಿ ಝೂಮ್ ಒಂದಕ್ಕಿಂತ ಹೆಚ್ಚು, ಒಂಬತ್ತರವರೆಗೆ ಜನರಿಗೆ ಒಟ್ಟಿಗೆ ಸ್ಪಾಟ್‌ಲೈಟ್ ಹಾಕುವ ಸೌಲಭ್ಯ ತಂದಿತು. ಕಿವುಡರ ಸಭೆಯಲ್ಲಿ ಸಂಜ್ಞಾಭಾಷೆಯ ಅನುವಾದಕರು ಭಾಷಣಕಾರರ ಪಕ್ಕದಲ್ಲೇ ಕಾಣಲಿ ಎಂಬಂಥ ಒಳ್ಳೆಯ ಉಪಯೋಗಗಳಿಗೆ ಬಂದದ್ದು ಅದು. ನಾವು ಅದರಿಂದ ಮಾಡಿದ್ದೇನು? ಹಳೆಯ ವೇದಿಕೆಯನ್ನು ಮತ್ತೆ ಕಟ್ಟಿದೆವು. ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿಯವರು, ಪ್ರಾಯೋಜಕರು ಇಡೀ ಸಂಜೆ ಮೇಲಿನ ಚೌಕಗಳಲ್ಲಿ. ಕವಿಗಳು ಸರದಿಯಂತೆ ಬಂದು ಅವರ ನಡುವೆ ಒಂದು ಚೌಕ ಪಡೆದು ಹೋಗುವವರು. ಸಭಾಂಗಣದ ವೇದಿಕೆಯಲ್ಲಿ ಮೈಕಿನ ಮುಂದೆ ನಿಂತವರು ಮುಂದಿರುತ್ತಾರೆ, ಕೂತ ಗಣ್ಯರು ಹಿಂದೆ. ಕಣ್ಣಿಗೆ ತಾನಾಗಿ ಒಂದು ಆಯ್ಕೆ ಸಿಗುತ್ತದೆ. ತೆರೆಯಲ್ಲಿ ಕವಿಯ ಮುಖದಷ್ಟೇ ದೊಡ್ಡದು, ವಾಟ್ಸಪ್ ನೋಡುತ್ತ ತಲೆ ತಗ್ಗಿಸಿದ ಅತಿಥಿಗಳ ಮುಖ. ಸಭಾಂಗಣದಲ್ಲಿ ವೇದಿಕೆಯ ಉದ್ದವನ್ನು ಗೇಲಿ ಮಾಡುತ್ತಿದ್ದ ನಾವೇ, ಕುರ್ಚಿಯ ಬಾಡಿಗೆಯೂ ಇಲ್ಲದ ಕಡೆ ಅದನ್ನು ಇನ್ನಷ್ಟು ಹತ್ತಿರಕ್ಕೆ ತಂದುಕೊಂಡೆವು.

ಹಾಗೆಂದು ಬಹು ಸ್ಪಾಟ್‌ಲೈಟ್ ನಮಗೆ ಕೆಲಸಕ್ಕೆ ಬಾರದ್ದಲ್ಲ. ಇಬ್ಬರು ಕೂಡಿ ಕಟ್ಟುವ ಪ್ರಕಾರಗಳಿಗೆ ಅದು ಹೇಳಿಮಾಡಿಸಿದಂತಿದೆ. ಗಮಕವನ್ನು ತೆಗೆದುಕೊಳ್ಳಿ. ವಾಚನಕಾರರು ಹಾಡುತ್ತಾರೆ, ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ಒಬ್ಬರು ಹಾಡುವಾಗ ಇನ್ನೊಬ್ಬರ ಮುಖದಲ್ಲಿ ವ್ಯಾಖ್ಯಾನ ಸಿದ್ಧವಾಗುವುದನ್ನು ನೋಡುವುದೇ ಅರ್ಧ ಸುಖ. ಇಬ್ಬರನ್ನೂ ಪಕ್ಕಪಕ್ಕ ಇಟ್ಟ ತೆರೆಯಲ್ಲಿ ಇದು ಸಭಾಂಗಣದ ಹಿಂದಿನ ಸಾಲಿಗಿಂತ ಚೆನ್ನಾಗಿ ಕಾಣುತ್ತದೆ.

ತಾಳಮದ್ದಳೆಯ ಸಂಗತಿ ಇನ್ನೂ ಕಠಿಣ. ಕರಾವಳಿಯಿಂದ ಬಂದವರು ಈ ನಗರದಲ್ಲಿ ಬಿಡದೆ ಉಳಿಸಿಕೊಂಡ ಕಲೆ ಅದು. ವೇಷವಿಲ್ಲ, ಕುಣಿತವಿಲ್ಲ; ಹಿಂದೆ ಭಾಗವತರು, ಮದ್ದಳೆ, ಚೆಂಡೆ; ಎರಡು ಬದಿಗಳಲ್ಲಿ ಎದುರುಬದುರಾಗಿ ಅರ್ಥಧಾರಿಗಳು. ಆ ಎದುರುಬದುರೇ ಅದರ ಪ್ರಾಣ. ಶೇಣಿ ಗೋಪಾಲಕೃಷ್ಣ ಭಟ್ಟ ಮತ್ತು ಮಲ್ಪೆ ರಾಮದಾಸ ಸಾಮಗರಂಥವರು ಎದುರಾದಾಗ ಜನ ರಾತ್ರಿಯಿಡೀ ಕೂತದ್ದು ಆ ಎದುರಾಳಿತನಕ್ಕಾಗಿ. ಝೂಮ್ ತೆರೆಯಲ್ಲಿ ಇಬ್ಬರು ಅರ್ಥಧಾರಿಗಳನ್ನು ಪಕ್ಕಪಕ್ಕ ಇಟ್ಟರೂ ಕೃಷ್ಣನೂ ಕೌರವನೂ ಒಬ್ಬರನ್ನೊಬ್ಬರು ನೋಡುವುದಿಲ್ಲ, ಇಬ್ಬರೂ ನಮ್ಮನ್ನೇ ನೋಡುತ್ತಾರೆ. ಸಂವಾದ ಹೋಗಿ ಎರಡು ಭಾಷಣಗಳಾಗುತ್ತವೆ. ದನಿ ತಲುಪುವಲ್ಲಿ ಆಗುವ ಚೂರು ವಿಳಂಬದಿಂದ ಮಾತಿಗೆ ಮಾತು ತಾಗುವುದಿಲ್ಲ. ಬೇರೆ ಬೇರೆ ಮನೆಗಳಲ್ಲಿ ಕೂತು ತಾಳ ಹಾಕುವುದಂತೂ ಆಗದ ಮಾತು. ಹಿನ್ನೆಲೆಯ ಗದ್ದಲ ಅಳಿಸುವ ವ್ಯವಸ್ಥೆ ಚೆಂಡೆಯನ್ನೂ ಗದ್ದಲವೆಂದೇ ತಿಳಿಯುತ್ತದೆ. ಅದನ್ನು ನಿಲ್ಲಿಸಲು 'ಒರಿಜಿನಲ್ ಸೌಂಡ್' ಎಂಬ ಆಯ್ಕೆ ಒತ್ತಬೇಕು. ಹೀಗಾಗಿ ಹಿಮ್ಮೇಳವೂ ಅರ್ಥಧಾರಿಗಳೂ ಒಂದೇ ಕೋಣೆಯಲ್ಲಿ ಕೂತು, ಒಂದೇ ಕ್ಯಾಮೆರಾ ಓರೆಯಾಗಿ ನೋಡುವ ತಾಳಮದ್ದಳೆಯೇ ತೆರೆಯಲ್ಲಿ ಗೆಲ್ಲುತ್ತದೆ. ಅಲ್ಲಿ ಚೌಕಗಳನ್ನು ಜೋಡಿಸುವ ಗೊಡವೆಗೇ ಹೋಗಬಾರದು. ಎಲ್ಲ ಪ್ರಕಾರಕ್ಕೂ ಒಂದೇ ನೋಟ ಸಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗ್ಯಾಲರಿ ನೋಟಕ್ಕೆ ನಿಜವಾಗಿ ಒಪ್ಪುವುದು ಕಥಾಚರ್ಚೆ. ಹತ್ತು ಹದಿನೈದು ಜನ ಒಂದು ಕಥೆಯನ್ನು ಓದಿಕೊಂಡು ಬಂದು ಮಾತಾಡುವಾಗ ಮಾತಾಡುವವರಷ್ಟೇ ಮುಖ್ಯ, ಒಪ್ಪದೆ ಹುಬ್ಬು ಗಂಟಿಕ್ಕಿದವರು. ಚೌಕಗಳನ್ನು ಎಳೆದು ಬೇಕಾದ ಕ್ರಮದಲ್ಲಿಟ್ಟು, ಹೋಸ್ಟ್ ಇಟ್ಟ ಕ್ರಮವೇ ಎಲ್ಲರಿಗೂ ಕಾಣುವಂತೆ ಮಾಡಬಹುದು. ಹಾಗೆ ಮಾಡಿದ ಚರ್ಚೆಯೊಂದರಲ್ಲಿ ಸರದಿ ಚೌಕದಿಂದ ಚೌಕಕ್ಕೆ ದಾಟಿತು. ಯಾರೂ ಯಾರನ್ನೂ ತಳ್ಳಿ ಮಾತಾಡಬೇಕಾಗಲಿಲ್ಲ. ಸಾಮಾನ್ಯವಾಗಿ ಬಾಯಿಬಿಡದವರೂ ತಮ್ಮ ಸರದಿ ಬರುವುದು ಕಂಡು ಸಿದ್ಧರಾಗಿದ್ದರು. ನಾನು ಕಂಡ ಆನ್‌ಲೈನ್ ಸಭೆಗಳಲ್ಲಿ ತೆರೆಯ ಜೋಡಣೆಯೇ ಚರ್ಚೆಯ ಗುಣವನ್ನು ಹೆಚ್ಚಿಸಿದ ಉದಾಹರಣೆ ಅದು.

ಇನ್ನು ಕಾಣದವರ ಮಾತು. ಕ್ಯಾಮೆರಾ ಆಫ್ ಮಾಡಿದವರನ್ನು ಗ್ಯಾಲರಿ ಹಿಂದಿನ ಪುಟಗಳಿಗೆ ತಳ್ಳುತ್ತದೆ. 'ವಿಡಿಯೋ ಇಲ್ಲದವರನ್ನು ಮರೆಮಾಡು' ಎಂಬ ಆಯ್ಕೆ ಒತ್ತಿದರೆ ಅವರು ಹೆಸರಿಗೂ ಉಳಿಯುವುದಿಲ್ಲ. ರೆಕಾರ್ಡಿಂಗ್ ಅಂದವಾಗಿ ಬರಲಿ ಎಂದು ಆಯೋಜಕರು ಇದನ್ನು ಧಾರಾಳವಾಗಿ ಒತ್ತುತ್ತಾರೆ. 'ದಯವಿಟ್ಟು ಎಲ್ಲರೂ ಕ್ಯಾಮೆರಾ ಆನ್ ಮಾಡಿ, ಗೌರವ ಕೊಡಿ' ಎಂಬ ಒತ್ತಾಯವೂ ಇರುತ್ತದೆ. ಕಾಂದಿವಲಿಯ ಮನೆಗಳನ್ನು ಬಲ್ಲವರು ಈ ಮಾತನ್ನು ಹಗುರವಾಗಿ ಆಡಲಾರರು. ಒಂದು ಹಾಲ್, ಅದರಲ್ಲೇ ಮಂಚ, ಅದರ ಮೇಲೆ ಮಲಗಿದ ಮಾವ, ಹಿಂದೆ ಒಣಹಾಕಿದ ಬಟ್ಟೆ. ಚಪಾತಿ ಲಟ್ಟಿಸುತ್ತ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕವಿತೆ ಕೇಳುವವರು ಕ್ಯಾಮೆರಾ ಆನ್ ಮಾಡುವುದಿಲ್ಲ. ಅವರು ಸಭೆಗೆ ಅಗೌರವ ತೋರಿಸುತ್ತಿಲ್ಲ, ಮನೆಯ ಮಾನ ಕಾಯುತ್ತಿದ್ದಾರೆ. ಎಷ್ಟೋ ಮನೆಗಳಲ್ಲಿ ಫೋನೂ ಅವರದಲ್ಲ: ಚೌಕದಲ್ಲಿ ಮೊಮ್ಮಗನ ಹೆಸರು, ತರಗತಿ, ರೋಲ್ ನಂಬರ್ ಇರುತ್ತದೆ, ಕೇಳುತ್ತಿರುವವರು ಅಜ್ಜಿ. ಹೋಸ್ಟ್ ಒಂದು ಕ್ಷಣ ಬಿಡುವು ಮಾಡಿಕೊಂಡು ಆ ಹೆಸರನ್ನು ಬದಲಿಸಿದರೆ ಅಜ್ಜಿ ಸಭೆಯಲ್ಲಿ ಇದ್ದಂತಾಗುತ್ತದೆ. ಇಲ್ಲವಾದರೆ ಐದನೇ ತರಗತಿಯ ಹುಡುಗನೊಬ್ಬ ಇದ್ದ, ಅವನನ್ನೂ ಮರೆಮಾಡಲಾಯಿತು.

ತೆರೆಯಲ್ಲಿ ಸದಾ ಮುಖ ತೋರಿಸುವುದು ಆರಾಮದ ಕೆಲಸವೂ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೈಲೆನ್ಸನ್ 2021ರಲ್ಲಿ ಬರೆದ ಲೇಖನವೊಂದು ಈ ದಣಿವಿನ ಹಿಂದಿರಬಹುದಾದ ಕಾರಣಗಳನ್ನು ಹೇಳುತ್ತದೆ: ಹತ್ತಿರದಿಂದ ಎಲ್ಲರ ದಿಟ್ಟಿ ನಮ್ಮ ಮೇಲೇ ಇರುವ ಭಾವ, ನಮ್ಮ ಮುಖ ನಮಗೇ ಕಾಣುತ್ತಿರುವುದು, ಅಲುಗದೆ ಕೂರಬೇಕಾಗುವುದು, ಸನ್ನೆಗಳನ್ನು ಓದಲು ಮನಸ್ಸು ಪಡುವ ಹೆಚ್ಚಿನ ಶ್ರಮ. ಸಭಾಂಗಣದ ಕೇಳುಗರಿಗೆ ಹಿಂದಿನ ಸಾಲಿನಲ್ಲಿ ಕೂತು ಕಣ್ಣುಮುಚ್ಚಿ ಕೇಳುವ ಹಕ್ಕಿತ್ತು. ತೆರೆಯಲ್ಲೂ ಅದು ಇರಲಿ. ಮರೆಯಲ್ಲಿ ಕೂರುವುದನ್ನು ಕೇಳುಗರು ತಾವೇ ಆರಿಸಿಕೊಳ್ಳುವುದು ಬೇರೆ, ಆಯೋಜಕರು ಅವರನ್ನು ಅಳಿಸುವುದು ಬೇರೆ.

ಕಾಂದಿವಲಿಯ ಚಾರ್ಕೋಪಿನಲ್ಲಿ 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಸಣ್ಣ ಸಣ್ಣ ನಿವೇಶನಗಳ ಬಡಾವಣೆ ಎದ್ದಿತು. ಅಂಗೈಯಗಲದ ಮನೆಗಳು, ಆದರೆ ಒಂದಷ್ಟು ಮನೆಗಳಿಗೆ ಸೇರಿ ಒಂದು ಅಂಗಳ. ಮನೆಯ ಬಾಗಿಲು ಹಾಕಿದ್ದರೂ ಒಳಗೆ ಯಾರಿದ್ದಾರೆಂದು ಅಂಗಳಕ್ಕೆ ಗೊತ್ತಿರುತ್ತದೆ. ಗ್ಯಾಲರಿ ನೋಟ ಕೊಡುವುದು ಮನೆಗಳ ಸಾಲನ್ನು ಮಾತ್ರ. ಅಂಗಳವನ್ನು ನಾವೇ ಮಾಡಿಕೊಳ್ಳಬೇಕು. ಎಲ್ಲರ ತಲೆಗಳನ್ನು ಕತ್ತರಿಸಿ ಒಂದು ಚಿತ್ರದ ಕುರ್ಚಿಗಳ ಮೇಲೆ ಅಂಟಿಸಿದಂತೆ ತೋರಿಸುವ ನೋಟಗಳನ್ನೂ ಕಂಪನಿಗಳು ತಂದವು. ಮೈಕ್ರೋಸಾಫ್ಟ್ ಟೀಮ್ಸ್ 2020ರಲ್ಲಿ, ಝೂಮ್ 2021ರಲ್ಲಿ. ನೋಡಲು ತಮಾಷೆ, ಸಾಹಿತ್ಯಕ್ಕೆ ಉಪಯೋಗವಿಲ್ಲ. ಸಭಾಂಗಣದ ಚಿತ್ರದಿಂದ ಸಭೆಯಾಗುವುದಿಲ್ಲ.

ಆಗಬೇಕಾದದ್ದು ಕಷ್ಟದ್ದೇನಲ್ಲ. ಓದುವವರಿಗೆ ಮಾತ್ರ ಸ್ಪಾಟ್‌ಲೈಟ್ ಇರಲಿ. ಅಧ್ಯಕ್ಷರಿಗೆ ಅವರ ಮಾತಿನ ಹೊತ್ತಿನಲ್ಲಿ ಸಾಕು. ಪ್ರತಿ ಕವಿತೆ ಮುಗಿದೊಡನೆ ಸ್ಪಾಟ್‌ಲೈಟ್ ತೆಗೆದು, ಎಲ್ಲರ ಮ್ಯೂಟ್ ಬಿಡಿಸಿ, ಅರ್ಧ ನಿಮಿಷ ಗ್ಯಾಲರಿ ತೋರಿಸಲಿ. ಚಪ್ಪಾಳೆ, ಕೆಮ್ಮು, ಕುಕ್ಕರ್ ಎಲ್ಲ ಕೇಳಲಿ. ಕವಿಗೆ ತಾನು ಓದಿದ್ದು ಮನುಷ್ಯರ ಮುಂದೆ ಎಂದು ಗೊತ್ತಾಗಲಿ. ವಿಡಿಯೋ ಇಲ್ಲದವರನ್ನು ಮರೆಮಾಡದೆ, ಅವರ ಸರಿಯಾದ ಹೆಸರು ತೋರಿಸಲಿ. ಇಷ್ಟನ್ನು ನೋಡಿಕೊಳ್ಳುವುದು ನಿರೂಪಣೆಯ ನಡುವೆ ಆಗುವ ಕೆಲಸವಲ್ಲ, ಅದಕ್ಕೇ ಒಬ್ಬರು ಬೇಕು. ನಾಟಕಕ್ಕೆ ಬೆಳಕು ಮಾಡಿದವರ ಹೆಸರನ್ನು ನಾವು ಕರಪತ್ರದಲ್ಲಿ ಅಚ್ಚು ಹಾಕುತ್ತೇವೆ. ಗೋಷ್ಠಿಯ ಆಮಂತ್ರಣದಲ್ಲೂ 'ತೆರೆ ನಿರ್ವಹಣೆ' ಎಂದು ಒಂದು ಹೆಸರು ಇರಲಿ. ಆಗ ಹೊಗಳಲೂ ತೆಗಳಲೂ ನಮಗೊಬ್ಬರು ಸಿಗುತ್ತಾರೆ.